ಅಂಟಿಸಿದ ತಲೆ

ಮಾರ್ಚ್ 6, 2009, ಶುಕ್ರವಾರ. ಹವಲ್ಲಿ
ಮಕ್ಕಳಿಗೆ ನನ್ನ ಆನಿಮೇಷನ್ ತರಗತಿ. ನಲವತ್ತೆಂಟು ಫ್ರೇಮ್ ಮುಗಿಯಿತು. ಗೊಂಬೆಗಳು ಲಿಯು ಮೇಡಂ ಅವರವು — ನಮ್ಮಂತೆ ಈ ಅರಬ್ ನಾಡಿಗೆ ವಲಸೆ ಬಂದು ರಾಯ್‌ನಲ್ಲಿ ಫರ್ನಿಚರ್ ಅಂಗಡಿ ಇಟ್ಟವರು. ಅವರ ತಂದೆ ಚೀನಾದಲ್ಲಿ ನೆರಳುಗೊಂಬೆ ಆಡಿಸುತ್ತಿದ್ದರು. ಈಗ ಮನೆತನದಲ್ಲಿ ಆಡಿಸುವವರಿಲ್ಲ. ಒಂದು ಆಟವಾದರೂ ಚಿತ್ರವಾಗಿ ಉಳಿಯಲೆಂದು ಚರ್ಮದ ಮೂರು ಗೊಂಬೆಗಳನ್ನು ನಂಬಿ ಕೊಟ್ಟಿದ್ದಾರೆ. ಒಂದೇ ಷರತ್ತು: ಕೆಲಸ ಮುಗಿದೊಡನೆ ತಲೆಗಳನ್ನು ಕೊರಳಪಟ್ಟಿಯಿಂದ ಬಿಡಿಸಿ ಬೇರೆ ಇಡಬೇಕು. ಇಲ್ಲವಾದರೆ ಗೊಂಬೆ ತಾನೇ ಎದ್ದು ನಡೆಯುತ್ತದೆಯಂತೆ.
"ನೈಸ್, ಕ್ಲೆಮೆಂಟ್ ಸರ್! ಫ್ರೀ ಆನಿಮೇಷನ್," ಎಂದಳು ಶರ್ಲಿನ್. ಹದಿನಾಲ್ಕರ ಹುಡುಗಿ. ಇಷ್ಟು ಸ್ಥಿರವಾದ ಕೈಯನ್ನು ನಾನು ಕಂಡಿಲ್ಲ. ಗೊಂಬೆಗಳ ಜವಾಬ್ದಾರಿ ಅವಳಿಗೇ ವಹಿಸಿದೆ.

ಮಾರ್ಚ್ 12, ಗುರುವಾರ
ಮೂರರಲ್ಲಿ ಒಂದಾದ ರಾಣಿ ಗೊಂಬೆಯ ತಲೆ ಪ್ರತಿ ಫ್ರೇಮಿಗೂ ಅಲುಗುತ್ತದೆ. ಒಬ್ಬನೇ ಕುಳಿತು ಕೊರಳಿಗೆ ಸೂಪರ್ ಗ್ಲೂ ಹಾಕಿದೆ. ಒಂದೇ ಹನಿ. ಆಮೇಲೆ ಬಿಡಿಸಿದರಾಯಿತು…

ಮಾರ್ಚ್ 13, ಶುಕ್ರವಾರ
ಲಿಯು ಮೇಡಂ ನೋಡಲು ಬಂದರು. ರಾಣಿಯ ತಲೆ ಬಿಡಿಸಲು ಎಳೆದರು. ಕೊರಳಪಟ್ಟಿ ಹರಿಯಿತು. ಅವರ ತಂದೆಯೇ ಕೊರೆದದ್ದು.
"ಇವುಗಳನ್ನು ನೋಡಿಕೊಂಡವರು ಯಾರು?"
ಎಲ್ಲರೂ ಶರ್ಲಿನ್‌ಳತ್ತ ನೋಡಿದರು. ನಾನೂ.
"ಮಕ್ಕಳಲ್ಲವೇ, ಕ್ಷಮಿಸಿ," ಎಂದೆ. ಆ ಮಾತು ಆಡಿದವನು ನಾನೇ. ಅವರು ಮೂರನ್ನೂ ಕಟ್ಟಿಕೊಂಡು ಹೊರಟರು. ಶರ್ಲಿನ್ ನನ್ನ ಮೇಜಿನ ಮೇಲಿದ್ದ ಗ್ಲೂ ಟ್ಯೂಬನ್ನು ನೋಡಿದಳು. ಚೀಲ ಎತ್ತಿಕೊಂಡು ಹೊರಟಳು.

ಮಾರ್ಚ್ 20, ಶುಕ್ರವಾರ
ಶರ್ಲಿನ್ ಬರಲಿಲ್ಲ. ಅವಳ ತಾಯಿ ಅಪೊಲೋನಿಯಾ ಬಾಯಿಯ ಫೋನ್: "ಅವಳಿಂದ ನಿಮ್ಮ ಮರ್ಯಾದೆ ಹೋಯ್ತು ಸರ್. ಎರಡು ಕೊಟ್ಟಿದ್ದೇನೆ. ಇನ್ನು ಕ್ಲಾಸೂ ಬೇಡ, ಎಂತದೂ ಬೇಡ. ನೀವು ಬೇಸರ ಮಾಡ್ಬೇಡಿ, ಆಯ್ತಾ?"
"ಪರವಾಗಿಲ್ಲ," ಎಂದೆ. ಕ್ಷಮಿಸುವ ಅಧಿಕಾರವುಳ್ಳವನಂತೆ.

ಏಪ್ರಿಲ್ 4, ಶನಿವಾರ
ಹದಿನೈದು ದಿನ ಈ ಪುಸ್ತಕ ತೆರೆಯುವ ಧೈರ್ಯವಾಗಲಿಲ್ಲ.
ಬೆಳಿಗ್ಗೆ ಖೈತಾನ್‌ನಲ್ಲಿರುವ ಶರ್ಲಿನ್‌ಳ ಮನೆಗೆ ಹೋದೆ. ನಿಂತೇ ಹೇಳಿದೆ — ಅಂಟು ಹಾಕಿದವನು ನಾನು. ಅಪೊಲೋನಿಯಾ ಬಾಯಿ ತಂದ ಚಹಾವನ್ನು ನನಗೆ ಕೊಡದೆ ಹಾಗೆಯೇ ಹಿಡಿದುಕೊಂಡು ನಿಂತರು.
"ನಾನು ಮಗುವಿಗೆ ಹೊಡೆದೆನಲ್ಲ ಸರ್!"
ಶರ್ಲಿನ್ ಒಳಗಿನಿಂದ ಬಂದಳು. "ಐ ನ್ಯೂ, ಸರ್. ಆ ಗೊಂಬೆ ಆಂಟಿಗೆ ಗೊತ್ತಿಲ್ಲ. ಟೆಲ್ ಹರ್."

ಅದೇ ದಿನ, ಸಂಜೆ 5.20. ರಾಯ್
ಅಂಗಡಿಯೆದುರು, ಕಾರಿನಲ್ಲಿ. ಹತ್ತು ನಿಮಿಷವಾಯಿತು. ತಾಯಿ ಮಗಳು ಹಿಂದಿನ ಸೀಟಿನಲ್ಲಿ. ಗಾಜಿನಾಚೆ ಲಿಯು ಮೇಡಂ ತಲೆಯೆತ್ತಿ ನಮ್ಮತ್ತ ನೋಡಿದರು.
"ಯಲ್ಲಾ, ಏಳಿ ಸರ್. ಬರೆದದ್ದು ಸಾಕು."
ಶರ್ಲಿನ್ ಇಳಿದು ನನ್ನ ಬದಿಯ ಬಾಗಿಲು ತೆರೆದು ನಿಂತಿದ್ದಾಳೆ. ಮೊದಲ ಮಾತು ಏನೆಂದು —