ಸ್ಟೇಟಸ್ಸಿಗೆ ಹಾಕಿದ ಅಳು

ಜಡೆ, ಸೊರಬ ತಾಲ್ಲೂಕು
ಶನಿವಾರ, ೧೨ ಜುಲೈ ೨೦೨೫

ನನ್ನ ಮುದ್ದಿನ ಮೊಮ್ಮಗಳು ನಾಗಶ್ರೀಗೆ,

ನಿನ್ನಜ್ಜಿ ಗುತ್ಯಮ್ಮನ ಆಶೀರ್ವಾದ. ಮೈ ಹೇಗಿದೆ? ಹೋದ ವಾರ ಮಂಚ ಅಲುಗಿತು, ಭೂಮಿ ನಡುಗಿತು ಅಂದೆಯಲ್ಲ, ಆಮೇಲೆ ಮತ್ತೆ ಅಲುಗಿತಾ? "ಇಲ್ಲಿ ಇದೆಲ್ಲ ಮಾಮೂಲಿ ಅಜ್ಜಿ" ಎಂದು ನಕ್ಕುಬಿಟ್ಟೆ. ಭೂಮಿ ನಡುಗುವುದೇ ಮಾಮೂಲಿಯಾದ ದಾವಾವೊ ಊರಿಗೆ ನಿನ್ನನ್ನು ಡಾಕ್ಟರಿಕೆ ಓದಲು ಕಳಿಸಿದ್ದಾನಲ್ಲ, ನಿಮ್ಮಪ್ಪ ಮಹಾಂತೇಶನಿಗೆ ಏನೆನ್ನಲಿ. ಫಿಲಿಪೈನ್ಸಿನಲ್ಲಿ ಮೂರು ಹೊತ್ತೂ ಅನ್ನವೇ ಅಂತೆ, ರೊಟ್ಟಿಯ ಮುಖ ಕಾಣದೆ ಹೇಗಿದ್ದೀಯೋ. ವೀಡಿಯೋದಲ್ಲಿ ನಿನ್ನ ಮುಖ ಹೆಚ್ಚಿಟ್ಟ ಬೂದುಗುಂಬಳದ ಹಾಗೆ ಬೆಳ್ಳಗೆ ಕಾಣುತ್ತದೆ. ದೀಪದ ಬೆಳಕೋ, ರಕ್ತ ಕಡಿಮೆಯೋ, ಓದುತ್ತಿರುವವಳು ನೀನು, ನೀನೇ ನೋಡಿಕೊ. ನನಗೆ ಮಂಡಿ ನೋವು ಬಿಟ್ಟರೆ ಏನಿಲ್ಲ. ನಾಲಿಗೆ ಚೆನ್ನಾಗಿಯೇ ಇದೆ ಎಂದು ನಿಮ್ಮಮ್ಮ ರೋಜಾ ಎಲ್ಲರಿಗೂ ಹೇಳುತ್ತಾಳೆ. ನಿಮ್ಮಪ್ಪ ಕುರಿಗಳ ಔಷಧಿ ತರಲು ಸೊರಬಕ್ಕೆ ಹೋಗಿದ್ದಾನೆ. ರೋಜಾ ಒಳಗೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದಾಳೆ, ನನ್ನ ಮೇಲಿನ ಸಿಟ್ಟು ತಪ್ಪಲೆಗೆ. ಸಿಟ್ಟಿನ ಕಾರಣವನ್ನೇ ಬರೆಯಲು ಕೂತಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಎತ್ತುವಷ್ಟರಲ್ಲಿ ನೀನು ನಾಲ್ಕು ಆಡಿ, "ಲವ್ ಯೂ ಅಜ್ಜಿ" ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ನೀನು ಎದುರು ಮಾತಾಡಲಾರೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕುರಿ ಹಿಂದೆ ಹೋದವಳ ಅಕ್ಷರ ಇದು. ನಿಮ್ಮಮ್ಮ ಫೋಟೋ ಹೊಡೆದು ಕಳಿಸುತ್ತಾಳೆ, ದೊಡ್ಡದು ಮಾಡಿಕೊಂಡು ಓದು.

ವಿಷಯ ಇಷ್ಟೇ. ಆಗಸ್ಟಿನ ನಿಮ್ಮ ಕಾಲೇಜಿನ ಕಾರ್ಯಕ್ರಮದಲ್ಲಿ, ನೀನು ಮನೆಗೆ ಕಳಿಸಿದ ಆ ಹಾಡನ್ನು ಹಾಡಬೇಡ. ಬೇರೆ ಯಾವುದಾದರೂ ಹಾಡು, ಕುಣಿ, ನಿನ್ನಿಷ್ಟ. ಅದೊಂದು ಬೇಡ. ನಿನ್ನ ಕಾಲು ಹಿಡಿಯುವ ವಯಸ್ಸು ನನ್ನದಲ್ಲ, ಹಾಗಾಗಿ ಕೈ ಮುಗಿದು ಹೇಳುತ್ತಿದ್ದೇನೆ ಅಂದುಕೊ.

ನೀನು ಯಾಕೆ ಹಾಡಲು ಹೊರಟೆ ಎನ್ನುವುದು ನನಗೆ ಗೊತ್ತಾಗಿಲ್ಲ ಎಂದುಕೊಳ್ಳಬೇಡ. ನಿನ್ನ ರೂಮಿನ ಹುಡುಗಿ ಮಾರಿಸೆಲ್ ವಿಷಯ ನೀನು ಹೇಳಿದ್ದೆಲ್ಲ ನೆನಪಿದೆ. ಅವರ ದೇಶದ ಹಾಡುವ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು, ಕೂದಲಿಗೆ ಹೋಳಿ ಬಣ್ಣ ಬಳಿದುಕೊಂಡು, ಒಂದೇ ಸಲ ಕಾಲೆತ್ತಿ ಕುಣಿಯುತ್ತಾರೆ. ಹಾಡುವುದು ಮಾತ್ರ ತಮ್ಮ ಮಾತಿನಲ್ಲಿ. ಮೊದಲು ಇಂಗ್ಲಿಷಿನಲ್ಲಿ ಹಾಡಿದರೇನೇ ದೊಡ್ಡಸ್ತಿಕೆ ಎಂದುಕೊಂಡಿದ್ದರಂತೆ. ಈಗ ಸಣ್ಣ ಮಕ್ಕಳೂ ಬೀದಿಯಲ್ಲಿ ಆ ಹಾಡುಗಳನ್ನೇ ಹೇಳಿಕೊಂಡು ಓಡಾಡುತ್ತವಂತೆ. ಮಾರಿಸೆಲ್ ಮನೆಯಲ್ಲಿ ಆಡುವ ಭಾಷೆ ಬೇರೆಯಂತೆ, ಆ ಭಾಷೆಯಲ್ಲೂ ಒಂದು ಹಾಡು ಬಂದಾಗ ಅವಳು ಮಂಚದ ಮೇಲೆ ನಿಂತು ಅತ್ತಳು ಅಂದೆ. ಮರೆತೇ ಹೋಗಿದ್ದ ಅವರ ಹಳೇ ಲಿಪಿಯನ್ನು ಹಾಡಿನ ವೀಡಿಯೋದಲ್ಲಿ ನೋಡಿ ಅಂಗೈ ಮೇಲೆ ಬರೆದುಕೊಂಡಳಂತೆ. ಗುಡ್ಡದ ಜನ ಬಾಳೆಯಂಥ ಗಿಡದ ನಾರಿನಲ್ಲಿ ನೇಯ್ದ ಬಟ್ಟೆಯನ್ನು ಹಾಡುವವರು ಲಂಗ ಮಾಡಿಸಿಕೊಂಡಿದ್ದಾರೆ ಎಂದು ಫೋಟೋ ಕಳಿಸಿದ್ದೆ. ಬಟ್ಟೆ ಚೆನ್ನಾಗಿತ್ತು. ನಮ್ಮ ಕರಿ ಕಂಬಳಿಯ ಅಂಚಿನ ಹಾಗೆಯೇ ಗೀರು ಗೀರು. ನೇಯ್ದವರನ್ನು ಕೇಳಿ ಉಟ್ಟರೋ, ಕೇಳದೆ ಉಟ್ಟರೋ ಎಂದು ನಾನು ಕೇಳಿದ್ದೆ. ಆ ಪ್ರಶ್ನೆ ಈಗ ನಿನಗೂ ಸೇರಿದೆ, ಇಟ್ಟುಕೊ.

ಆ ಹಾಡುಗಳಿಂದಲೇ ಅವರ ಮಾತು ಕಲಿತೆ ಎಂದಾಗ ಮಾತ್ರ ನನಗೆ ಖುಷಿಯಾಗಿತ್ತು. ಪ್ರೀತಿ ಮುರಿದ ಹುಡುಗ ಎದೆ ಹಿಡಿದುಕೊಂಡು "ಸಾಕಿತ್, ಸಾಕಿತ್" ಎಂದು ಹಾಡುತ್ತಾನೆ, ಅಂದರೆ ನೋವು. ಅದೇ ಮಾತಿನಲ್ಲಿ ವಾರ್ಡಿನಲ್ಲಿ ಮಲಗಿದ್ದ ಮುದುಕಿಯನ್ನು ಎಲ್ಲಿ ನೋವು ಎಂದು ಕೇಳಿದೆಯಂತೆ, ಅವಳು ನಿನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳಂತೆ. ಹಾಡು ಕಲಿತದ್ದಕ್ಕೆ ಅಷ್ಟಾದರೂ ಪುಣ್ಯ ಬಂತಲ್ಲ. ಅವತ್ತೇ ಮಾರಿಸೆಲ್ "ನಮ್ಮ ಹಾಡು ಇಷ್ಟು ಹಾಡ್ತೀಯ, ನಿನ್ನದು ಒಂದು ಹಾಡು" ಎಂದಳು. ಭಾಷೆಯ ತಿಂಗಳು ಬರುತ್ತಿದೆ, ವೇದಿಕೆಯ ಮೇಲೆ ಎಲ್ಲರೂ ಅವರವರ ಮಾತಿನಲ್ಲಿ ಹಾಡಬೇಕು ಎಂದಳು. ನಿನಗೆ ನೆನಪಿಗೆ ಬಂದದ್ದು ಅದು.

ಮಾರಿಸೆಲ್ ಗುಂಪಿನವರು ಗಿಟಾರು ಬಾರಿಸಿ, ಚಪ್ಪಾಳೆ ತಟ್ಟಿ, ನೀನು "ಏಳೋ ಕಂಬಳಿಯವನೆ, ಬಾಗಿಲಿಗೆ ಬಂದಾವೆ ಕುರಿ" ಎಂದು ಹಾಡಿದ್ದನ್ನು ಮನೆಗೆ ಕಳಿಸಿದೆ. "ಬೆಳಗ್ಗೆ ಎಬ್ಬಿಸುವ ಹಾಡು, ಅಜ್ಜಿ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡುತ್ತಿದ್ದದ್ದು" ಎಂದು ಕೆಳಗೆ ಬರೆದಿದ್ದೆ. ನಿಮ್ಮಮ್ಮ ಹಿಗ್ಗಿಹೋಗಿ ಸ್ಟೇಟಸ್ಸಿಗೆ ಹಾಕಿದಳು. ನಾನಾಗ ಹಟ್ಟಿಯಲ್ಲಿ ಮರಿಗೆ ಹಾಲು ಕುಡಿಸುತ್ತಿದ್ದೆ, ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕಿ ಆರಿಸುತ್ತ ಜಗಲಿಯಲ್ಲಿ ಕೂತಿದ್ದೆ. ಬಸ್ ಸ್ಟಾಪಿನ ಕಡೆಯಿಂದ ಯಾರೋ ಹೆಂಗಸು ಹಾಡಿಕೊಂಡು ಅಳುತ್ತ ಬರುವುದು ಕೇಳಿಸಿತು. ನೋಡಿದರೆ ಶಿರಾಳಕೊಪ್ಪದ ನನ್ನ ತಮ್ಮನ ಹೆಂಡತಿ ಲೋಕಮ್ಮ! ಸೆರಗು ಬಾಯಿಗಿಟ್ಟುಕೊಂಡು, "ನನ್ನ ಬೈದು ಬೈದು ಬುದ್ಧಿ ಕಲಿಸಿದವ್ಳೇ, ನಿನ್ನ ನಾಲಿಗಿ ಎಲ್ಲಿ ಒಣಗಿತೇ" ಎಂದು ರಾಗ ಎಳೆದುಕೊಂಡು ಬರುತ್ತಿದ್ದಾಳೆ. ಜಗಲಿಯಲ್ಲಿ ನನ್ನನ್ನು ನೋಡಿದ್ದೇ ರಾಗ ಅರ್ಧಕ್ಕೇ ನಿಂತಿತು. "ಅಯ್ಯ, ನೀ ಬದುಕೀಯೇನ ಮಾರಾಯ್ತಿ! ಮತ್ಯಾಕ ಹೆಣದ ಹಾಡು ಫೋನಿಗೆ ಹಾಕ್ಯಾರ? ನೀನೇ ಹೋದಿ ಅಂತ ಬಸ್ಸಿನಾಗ ಎಲ್ಲರ ಮುಂದ ಅತ್ಕೊಂತ ಬಂದೀನಿ!" ಎಂದು ಬೈಯಲು ಶುರು ಮಾಡಿದಳು. ನಾನು, "ಸತ್ರೂ ನಿನ್ ಕೈಲಿ ಹೊಗಳಿಸ್ಕಳಾ ಯೋಗ ಇಲ್ವಲ್ಲೇ" ಎಂದು ನೀರು ಕೊಟ್ಟೆ. ನಗುತ್ತಲೇ ಕೊಟ್ಟೆ. ಆಮೇಲೆ ಅವಳು ಫೋನಿನಲ್ಲಿ ನಿನ್ನ ದನಿ ಕೇಳಿಸಿದಳು. ಅಕ್ಕಿಯ ಮೊರ ಪಕ್ಕಕ್ಕಿಟ್ಟೆ.

ಅದು ಎಬ್ಬಿಸುವ ಹಾಡಲ್ಲ, ಮಗಳೇ. ನಿನ್ನ ತಾತ ಧರ್ಮಪ್ಪ ಹೋದ ದಿನ ಹಟ್ಟಿಯ ಮುಂದೆ ಅವನನ್ನು ಕಂಬಳಿಯ ಮೇಲೆ ಮಲಗಿಸಿದ್ದಾಗ ನಾನು ಅತ್ತದ್ದು. ಸಂಜೆ ಮಂದೆ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿತ್ತು, ಅದಕ್ಕೇ ಆ ಮಾತು ಬಾಯಿಗೆ ಬಂತು. ನೀನು ಸಣ್ಣವಳು, ನನ್ನ ತೊಡೆ ಬಿಟ್ಟು ಏಳಲಿಲ್ಲ. ಈ ಸೊರಬದ ಕಡೆಯವರು ಸುಮ್ಮನೆ ಬಿಕ್ಕುತ್ತಾರೆ. ನನ್ನ ತವರು ಶಿಕಾರಿಪುರದ ಸೀಮೆಯಲ್ಲಿ ಹೆಂಗಸರು ಹಾಡಿ ಅಳುತ್ತಾರೆ. ಸತ್ತವರು ಏನು ಉಂಡರು, ಯಾರನ್ನು ಬೈದರು, ಎಲ್ಲವನ್ನೂ ಕಟ್ಟಿ ಕಟ್ಟಿ ಹೇಳಿ ಕಳಿಸುತ್ತಾರೆ. ಮಣ್ಣು ಮಾಡಿ ಬಂದ ಮೇಲೆ ಬೇವಿನ ನೀರಿನಲ್ಲಿ ಬಾಯಿ ಮುಕ್ಕಳಿಸಿಯೇ ಒಲೆ ಮುಟ್ಟುತ್ತೇವೆ. ಆಮೇಲೆ ಆ ಮಾತು ಬಾಯಿಗೆ ಬರಬಾರದು. ಹೆಣವಿಲ್ಲದೆ ಆ ಹಾಡು ಎತ್ತಿದರೆ ಅದು ಒಂದು ಹೆಣ ಹುಡುಕುತ್ತದೆ ಎಂದು ನನ್ನವ್ವ ಹೇಳುತ್ತಿದ್ದಳು. ನೀನು ಹಾಡಿದ್ದು ಸೋಮವಾರ, ಮಂಚ ಅಲುಗಿದ್ದು ಬುಧವಾರ. ಭೂಮಿಗೂ ಹಾಡಿಗೂ ಏನು ಸಂಬಂಧ ಎಂದು ನೀನು ಕೇಳುತ್ತೀಯ. ಇಲ್ಲದೆ ಇರಬಹುದು. ಆದರೆ ನೀನು ಸಮುದ್ರದಾಚೆ ಒಬ್ಬಳೇ ಇದ್ದೀಯ, ನನಗೆ ಅನ್ನ ಇಳಿಯುತ್ತಿಲ್ಲ. ರೋಜಾಗೆ ಸ್ಟೇಟಸ್ ತೆಗೆ ಎಂದು ಕೂಗಾಡಿದೆ. "ಅತ್ತೆ, ಎಲ್ಲಾರೂ ಹಾರ್ಟು ಕಳ್ಸಿದಾರೆ" ಎಂದಳು. ಅಳುವಿಗೆ ಹಾರ್ಟು! ತೆಗೆದಳು, ಅಂದಿನಿಂದ ಪಾತ್ರೆಗಳಿಗೆ ಗ್ರಹಚಾರ.

ಬರಿಗೈಯಲ್ಲಿ ವೇದಿಕೆ ಹತ್ತು ಎಂದು ನಾನು ಹೇಳುವುದಿಲ್ಲ. ಆ ಮಕ್ಕಳ ಮುಂದೆ ನಮಗೂ ಒಂದು ಮಾತಿದೆ ಎಂದು ತೋರಿಸಲೇಬೇಕು. ಉಣ್ಣೆ ಕತ್ತರಿಸುವ ಹಾಡು ಕಲಿಸುತ್ತೇನೆ, ಸೋಮವಾರ ಬೆಳಗ್ಗೆ ಫೋನು ಮಾಡು. "ಮೆಲ್ಲಗೆ ಹೋಗೇ ಕತ್ತರಿಯವ್ವ, ಮರಿಯ ಮೈಯಿ ಮಲ್ಲಿಗೆ ಹೂವ." ಒಬ್ಬರು ಎತ್ತಬೇಕು, ಉಳಿದವರು ಕತ್ತರಿಯ ತಾಳಕ್ಕೆ "ಹೌದವ್ವ ಹೌದು" ಎನ್ನಬೇಕು. ಮಾರಿಸೆಲ್ಲಿಗೂ ಅವಳ ಗುಂಪಿಗೂ ಅಷ್ಟು ಕನ್ನಡ ಕಲಿಸಿದರೆ ಸಾಕು, ಬೇಕಿದ್ದರೆ ಕಾಲೂ ಎತ್ತಲಿ. ಕೂದಲಿಗೆ ಬಣ್ಣ ಮಾತ್ರ ನಿನಗೆ ಬೇಡ. ಅಲ್ಲಿಯವರೆಗೆ ಬೇವಿನ ಎಲೆ ಸಿಗದಿದ್ದರೆ ಉಪ್ಪುನೀರಿನಲ್ಲಾದರೂ ಬಾಯಿ ಮುಕ್ಕಳಿಸು, ನನ್ನ ಸಮಾಧಾನಕ್ಕೆ. ಓದಿದವಳು ನೀನು, ಉಪ್ಪುನೀರು ಗಂಟಲಿಗೆ ಒಳ್ಳೆಯದು ಎಂದುಕೊಂಡೇ ಮುಕ್ಕಳಿಸು.

ಮಾಳೇಶ್ವರ ನಿನ್ನನ್ನು ಕಾಯಲಿ, ನಿನ್ನ ಮಂಚದ ನಾಲ್ಕೂ ಕಾಲು ಗಟ್ಟಿಯಾಗಿರಲಿ. ಮಾರಿಸೆಲ್ಲಿಗೆ ನಾನು ಕೇಳಿದೆ ಎಂದು ಹೇಳು.

ಇಂತಿ ನಿನ್ನ ಒಳ್ಳೆಯದನ್ನೇ ಬಯಸುವ, ಬೈದರೂ ಬಯಸುವ
ಅಜ್ಜಿ ಗುತ್ಯಮ್ಮ

ಬರೆಯದೆ ಬಿಟ್ಟದ್ದು: ನಿಮ್ಮಮ್ಮ ಫೋಟೋ ಹೊಡೆಯಲು ಬಂದು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಅವಳ ಫೋನಿನಲ್ಲಿ ಇನ್ನೊಂದು ಸಲ ನಿನ್ನ ಹಾಡು ಕೇಳಿದೆ. ತಾತ ಮರಿಯನ್ನು ಕಂಬಳಿಯೊಳಗೆ ಸುತ್ತಿಕೊಂಡು ಮಳೆಯಲ್ಲಿ ಬಂದ ಸಾಲು ನನಗೇ ಮರೆತುಹೋಗಿತ್ತು, ನಿನ್ನಲ್ಲಿದೆ. ಅದಕ್ಕೇ ಹೇಳುತ್ತೇನೆ, ಹಾಡಬೇಡ ಅಂದೆನಲ್ಲ, ಹಾಗೆಂದು ಮರೆಯಬೇಡ. ಈ ಮನೆಯಲ್ಲಿ ಹಾಡಿ ಅಳುವವರು ಯಾರೂ ಇಲ್ಲ. ರೋಜಾ ಕರ್ಚೀಫು ಹಿಡಿಯುತ್ತಾಳೆ, ಲೋಕಮ್ಮನಿಗೂ ನನ್ನಷ್ಟೇ ವಯಸ್ಸು. ನಾನು ಹೋದ ದಿನ ನೀನು ಬಂದು ನನಗೆ ಹಾಡಬೇಕು, ಬರಲಾಗದಿದ್ದರೆ ಫೋನಿನಲ್ಲಾದರೂ. ಹಾಡಿನಲ್ಲಿ ತಾತನ ಕಂಬಳಿಯ ಜಾಗಕ್ಕೆ ನನ್ನ ನಾಲಿಗೆಯನ್ನು ಹಾಕು, ಸುಳ್ಳು ಹೊಗಳಬೇಡ. ಅದು ನನ್ನದು, ಯಾರ ಚಪ್ಪಾಳೆಗೂ ಕೊಡಬೇಡ.