ಮಾತು ನಿಂತ ಜಾಗ

೧೨ ಫೆಬ್ರವರಿ
ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ

ಪ್ರೀತಿಯ ಭಾವನವರಿಗೆ,

ನಿಮ್ಮ ತಂಗಿಯ ಗಂಡ, ರಂಗದ ಹಲಗೆಗಳನ್ನು ಗಡಗಡ ನಡುಗಿಸಿದ ಗುಡುಗಪ್ಪ, ಬದುಕಿದ್ದಾನೆ! ತಲೆಗೆ ಬಿಳಿ ಬಟ್ಟೆಯ ಕಿರೀಟ ಸುತ್ತಿಸಿಕೊಂಡು ನಿಮಗೆ ನಮಸ್ಕರಿಸುತ್ತಿದ್ದಾನೆ! ಎರಡು ಪತ್ರಕ್ಕೆ ಉತ್ತರ ಬರೆಯಲಿಲ್ಲವೆಂದು ಬೈಯಬೇಡಿ. ಫೋನು ಮಾಡೋಣವೆಂದರೆ, ಸೈಡ್‌ವಿಂಗಿನಲ್ಲಿ ನಿಂತು ನನಗೆ ಮರೆತ ಮಾತು ಎತ್ತಿಕೊಡುತ್ತಿದ್ದ ಪ್ರಾಂಪ್ಟರ್ ಮಹಾಶಯರಾದ ತಮಗೇ ಈಗ ಕಿವಿ ಮಂದ. ನಾನು ಕೂಗಿದರೆ ವಾರ್ಡೆಲ್ಲ ಎದ್ದು ಕೂರುತ್ತದೆ, ನೀವೊಬ್ಬರು ಮಾತ್ರ "ಯಾರೂ?" ಅನ್ನುತ್ತೀರಿ.

ಗಡ್ಡೆ ಇದ್ದದ್ದು ಮಿದುಳಿನ ಎಡಭಾಗದಲ್ಲಿ, ಮಾತು ಹುಟ್ಟುವ ಜಾಗಕ್ಕೆ ಒತ್ತಿಕೊಂಡು. ಬಿಟ್ಟರೆ ಪ್ರಾಣಕ್ಕೆ ಸಂಚಕಾರ, ಕೈತಪ್ಪಿ ಕೊಯ್ದರೆ ಮಾತಿಗೆ. ಎರಡೂ ನನಗೆ ಒಂದೇ ಎಂದೆ. ಡಾಕ್ಟರಮ್ಮ ನಕ್ಕರು.

"ಅದಕ್ಕೇ ತಾತ, ತಲೆ ತೆರೆದ ಮೇಲೆ ನಿಮ್ಮನ್ನ ಎಚ್ಚರ ಮಾಡ್ತೀವಿ. ನೋವಾಗಲ್ಲ. ನೀವು ಮಾತಾಡ್ತಾನೇ ಇರಿ. ಸಣ್ಣ ಕರೆಂಟಿನ ಕಡ್ಡಿಯಿಂದ ಒಂದೊಂದೇ ಜಾಗ ಮುಟ್ಟಿ ನೋಡ್ತೀನಿ. ಎಲ್ಲಿ ಮಾತು ನಿಲ್ಲುತ್ತೋ ಅಲ್ಲಿ ಕತ್ತಿ ಇಡಲ್ಲ."

"ಜೀವಮಾನವಿಡೀ ಜನ ನನ್ನ ಬಾಯಿ ಮುಚ್ಚಿಸೋಕೆ ಒದ್ದಾಡಿದ್ರಮ್ಮ. ಮುಚ್ಚಬೇಡಿ ಅಂದವರು ನೀವೊಬ್ರೇ!"

ಆಗ ನೆನಪಾದದ್ದು ನನ್ನಜ್ಜ. ನಿಮಗೆ ಗೊತ್ತಿರುವ ಕಥೆಯೇ, ಆದರೂ ಇನ್ನೊಮ್ಮೆ ಕೇಳಿ. ಬಿಳಿ ದೊರೆಗಳ ಆಳ್ವಿಕೆ. ರಂಗದ ಮೊಳೆ ಅಂಗಾಲಿಗೆ ಚುಚ್ಚಿ ಕೀವಾಗಿತ್ತು. ದೊರೆಯ ಆಸ್ಪತ್ರೆಗೆ ಒಯ್ದರು, ಅಜ್ಜಿಯನ್ನು ಗೇಟಿನಾಚೆ ನಿಲ್ಲಿಸಿದರು. ಮೂಗಿಗೆ ಕ್ಲೋರೋಫಾರಂ ಬಟ್ಟೆ ಹಿಡಿದ ಕಾಂಪೌಂಡರು "ಮಾತಾಡ್ತಾ ಇರಪ್ಪ" ಎಂದ. ಅಂದು ಮಾತು ನಿಂತರೆ ತಾನೇ ಕತ್ತಿ ಏಳುತ್ತಿದ್ದದ್ದು! ಅಜ್ಜ ರಾಜನ ಪಾರ್ಟು ಶುರುಹಚ್ಚಿದ. ಕತ್ತಿ ಹಿಡಿದ ಡಾಕ್ಟರು ದೊರೆ ಕಾದ, ಬಟ್ಟೆ ಮತ್ತೆ ನೆನೆಸಿದ, ಮತ್ತೆ ಕಾದ. ರಾಜ ಯುದ್ಧ ಗೆದ್ದು, ಮದುವೆಯಾಗಿ, ಮಂತ್ರಿಯನ್ನು ಗಡೀಪಾರು ಮಾಡಿದ ಮೇಲೇ ಆ ನಾಲಗೆ ಮಲಗಿತು.

ಎಚ್ಚರವಾದಾಗ ಮೊಣಕಾಲಿನ ಕೆಳಗೆ ಏನೂ ಇಲ್ಲ. ಅಜ್ಜ ಕಾಂಪೌಂಡರನ್ನು ಕೇಳಿದ.

"ಕೀವು ತೆಗೀತೀವಿ ಅಂದ್ರಲ್ಲಯ್ಯಾ, ಕಾಲೆಲ್ಲಿ?"

"ದೊರೆಗಳಿಗೆ ತೆಗೀಬೇಕು ಅನ್ನಿಸ್ತು, ತೆಗೆದ್ರು."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನಿನ್ನನ್ಯಾಕೆ ಕೇಳ್ತಾರೆ?"

ಪ್ರಾಣ ಉಳಿಯಿತು, ಇಲ್ಲವೆನ್ನಲಾರೆ. ಅಂದಿನಿಂದ ನಮ್ಮ ನಾಟಕ ಕಂಪನಿಯ ರಾಜರೆಲ್ಲ ಕೂತೇ ರಾಜ್ಯವಾಳಿದರು!

ಇನ್ನು ನನ್ನ ಅಂಕ. ಎಚ್ಚರವಾದದ್ದೇ ನಾನೂ ಅದೇ ರಾಜನ ಮಾತು ಎತ್ತಿಕೊಂಡೆ. ಮಾತಿನ ಪರೀಕ್ಷೆಗೆಂದು ಪಕ್ಕದಲ್ಲಿ ಕೂತಿದ್ದ ಹುಡುಗಿ ಅಲ್ಲೇ ತಡೆದಳು. "ಬಾಯಿಪಾಠ ಬೇಡ ತಾತ. ಮಾತು ಕೆಟ್ಟ ಮೇಲೂ ಬಾಯಿಪಾಠ ಬರುತ್ತೆ. ನಿಮ್ಮದೇ ಏನಾದ್ರೂ ಹೇಳಿ."

ನನ್ನದೇ! ಭಾವ, ಬೇರೆಯವರು ಬರೆದದ್ದನ್ನೇ ಗುಡುಗಿದವನ ಹತ್ತಿರ ತನ್ನದೆನ್ನುವ ಮಾತು ಎಷ್ಟಿರುತ್ತದೆ? ಕೊನೆಗೆ ನಿಮ್ಮ ತಂಗಿಯ ಕಥೆ ತೆಗೆದೆ. ತುಂಬಿದ ಸಭೆಯಲ್ಲಿ ನನ್ನ ಮೀಸೆ ಉದುರಿ ಬಿದ್ದಾಗ ರಾಣಿಯಾಗಿದ್ದ ಅವಳು, "ಮಹಾರಾಜರೇ, ನನ್ನನ್ನು ನೋಡಿ ತಮಗೆ ವಯಸ್ಸೇ ಇಳಿಯಿತಲ್ಲ!" ಎಂದಳಲ್ಲ, ಅದು. ಕೋಣೆಯಲ್ಲಿದ್ದವರೆಲ್ಲ ನಕ್ಕರು. "ನಗಿಸಬೇಡಿ ತಾತ, ಕೈ ಅಲ್ಲಾಡುತ್ತೆ" ಎಂದು ಡಾಕ್ಟರಮ್ಮ ಗದರಿದರು. ನನಗೋ, ಎಷ್ಟೋ ವರ್ಷದ ಮೇಲೆ ಚಪ್ಪಾಳೆ ಬಿದ್ದಂತಾಯಿತು.

ಒಂದೇ ಕಡೆ ಮಾತು ತಪ್ಪಿತು. ತಲೆಯನ್ನು ಬಿಗಿದಿದ್ದರು. ಕಣ್ಣು ಮಾತ್ರ ಹಳೆಯ ಅಭ್ಯಾಸದಿಂದ ಎಡಕ್ಕೆ, ನೀವು ನಿಲ್ಲುತ್ತಿದ್ದ ಕಡೆಗೆ, ಹೊರಳಿತು. ಅಲ್ಲಿ ಹಸಿರು ಬಟ್ಟೆ ಇಳಿಬಿದ್ದಿತ್ತು, ನೀವಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಾತು ಮರಳಿತು, ಗಡ್ಡೆಯೂ ಬಹುಪಾಲು ಹೋಯಿತು. ಈಗ ನರ್ಸಮ್ಮನ ಕೈಲಿ "ತಾತ, ಮೆತ್ತಗೆ! ಪಕ್ಕದವರು ಮಲಗಿದಾರೆ" ಎಂದು ಬೈಸಿಕೊಳ್ಳುವಷ್ಟು ಗಟ್ಟಿಯಾಗಿದ್ದೇನೆ.

ಅಕ್ಕನವರಿಗೆ ನಮಸ್ಕಾರ. ಮೊಮ್ಮಕ್ಕಳು ನೂರು ಕಾಲ ಬಾಳಲಿ, ನಿಮ್ಮಂತೆ ಬೇರೆಯವರ ತಪ್ಪು ಮುಚ್ಚಿ ಕಾಯುವವರಾಗಲಿ.

ನಿಮ್ಮ
ಗುಡುಗಪ್ಪ

ತಾ.ಕ.: ನಿಂತದ್ದು ಯಾವ ಮಾತೆಂದು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಪರದೆ ಏಳುವ ಮುನ್ನ ನಿಮ್ಮ ತಂಗಿಯನ್ನು ನಾನು ಕರೆಯುತ್ತಿದ್ದ ಹೆಸರು. ಅವಳು ಹೋದ ಮೇಲೆ ಅದನ್ನು ಬಾಯಿಬಿಟ್ಟು ಹೇಳಿರಲೇ ಇಲ್ಲ. ಡಾಕ್ಟರಮ್ಮ ಮತ್ತೆ ಮುಟ್ಟಿದರು, ಮತ್ತೆ ಹೋಯಿತು. "ತಾತ, ಕೊನೇ ಚೂರು ಇಲ್ಲೇ ಇದೆ. ಕೊಟ್ಟ ಮಾತಿನಂತೆ ಕೈ ಇಡಲ್ಲ. ಆದ್ರೆ ಬಿಟ್ರೆ ಮತ್ತೆ ಬೆಳೆಯುತ್ತೆ. ಬಿಡಲಾ?" ಎಂದರು. ಅಜ್ಜನನ್ನು ಯಾರೂ ಕೇಳದ ಪ್ರಶ್ನೆ ನನ್ನನ್ನು ಕೇಳಿದರು, ಭಾವ. "ಬಿಡಮ್ಮ" ಎಂದೆ.

ಅದು ಬೆಳೆಯುತ್ತದೆ. ಮೊದಲು ಆ ಹೆಸರನ್ನೇ ಒಯ್ಯುತ್ತದೆ, ಉಳಿದದ್ದು ಆಮೇಲೆ. ಆ ಹೆಸರು ಕಿವಿಯಾರೆ ಕೇಳಿದವರು ಈಗ ನೀವೊಬ್ಬರೇ. ಗಿಲಕಿ. ಅಷ್ಟೇ. ನನ್ನ ಬಾಯಿ ಕಟ್ಟಿದ ದಿನ ಬಂದು ಎಡಗಡೆ ಕೂತು ಎತ್ತಿಕೊಡಿ. ಮೆಲ್ಲಗೆ ಹೇಳಿದರೂ ಸಾಕು, ನನ್ನ ಕಿವಿ ಚೆನ್ನಾಗಿದೆ.