ದಾರೆಗೋಲು ಎಲ್ಲಿತ್ತು

ಮಾರ್ಚ್ 4
ಅಮ್ಮನಿಗೆ ಗಂಜಿ, ಮಾತ್ರೆ. ಆಮೇಲೆ ನಕ್ಷೆ. ನಮ್ಮ ಸೀಮೆಯ ಚರಿತ್ರೆ–ಭೂಗೋಳದ ಪುಸ್ತಕಕ್ಕೆ ಹನ್ನೊಂದು ಹಳ್ಳಿಯ ನಕ್ಷೆಗಳು ಮುಗಿದವು. ಉಳಿದದ್ದು ದಾರೆಗೋಲು, ಅಮ್ಮನ ತವರು. ಆ ಊರು ಜಲಾಶಯದಡಿ ಹೋದಾಗ ನನಗೆ ಮೂರು ವರ್ಷ.

ಪುಸ್ತಕ ತರುವ ಕಚೇರಿಯಿಂದ ಓಕ್ ಸುಯೊನ್ ಫೋನ್. "ಮೇಷ್ಟ್ರೇ, ದಾರೆಗೋಲಿಗೆ ದಾಖಲೆನೇ ಇಲ್ಲ. ಅಲ್ಲಿ ಬಾಳಿದವರು ಯಾರಾದ್ರೂ ಹೇಳಿ, ಸಹಿ ಬದಲು ತಮ್ಮ ಹೆಸರಿನ ಮುದ್ರೆ ಒತ್ತಬೇಕು. ಹದಿನಾಲ್ಕಕ್ಕೆ ಪ್ರೆಸ್‌ಗೆ ಹೋಗತ್ತೆ. ಇಲ್ದಿದ್ರೆ ಬರೀ ನೀರು ಅಂತ ಹಾಕ್ತೀವಿ."

ಬರೀ ನೀರಂತೆ! ಮದುವೆಯಾಗಿ ಬಂದವಳನ್ನು ನಮ್ಮಲ್ಲಿ ತವರೂರಿನ ಹೆಸರಿನಿಂದಲೇ ಕರೆಯುವುದು. ಎಪ್ಪತ್ತು ವರ್ಷದಿಂದ ಊರಿಗೆಲ್ಲ ನಮ್ಮಮ್ಮ ದಾರೆಗೋಲಮ್ಮ. ಸ್ವಂತ ಹೆಸರು ಪೋಸ್ಟ್‌ಮ್ಯಾನ್‌ಗೆ ಮಾತ್ರ ಗೊತ್ತು. ಆ ಊರೇ ಇರಲಿಲ್ಲ ಅಂದರೆ ಇವಳು ಯಾರು?

ಮಾರ್ಚ್ 7
ಇವತ್ತು ಅಮ್ಮನ ಮರೆವು ಸ್ವಲ್ಪ ಬಿಡುವು ಕೊಟ್ಟಿತ್ತು. ತವರು ಹೇಗಿತ್ತು ಅಂತ ಕೇಳಿದೆ. ಹೇಳಿದಳು!

"ಬಾಗಿಲಿಗೆ ಎದುರು ಬೋರೆ ಮರ. ಎಡಕ್ಕೆ ಹದಿನಾಲ್ಕು ಹೆಜ್ಜೆ ಹಾಕಿದ್ರೆ ಬಾವಿ. ಬಾವಿ ಹಿಂದೆ ಒಡೆದ ಬೀಸುಕಲ್ಲು. ಬರ್ಕೊಂಡ್ಯೇನೋ?"

"ಬರ್ಕೊಂಡೆ ಅಮ್ಮ."

"ಮೇಷ್ಟ್ರಂತೆ ಮೇಷ್ಟ್ರು. ಅಕ್ಷರ ನೋಡು, ಕೋಳಿ ಕೆದರಿದ ಹಾಗಿದೆ."

ಎಷ್ಟು ದಿನವಾಗಿತ್ತು ಇವಳ ಬೈಗುಳ ಕೇಳಿ. ನಕ್ಷೆ ಬರೆದೆ. ತಾನೇ ಕೆಂಪು ಮುದ್ರೆ ಒತ್ತಿದಳು, ಎರಡು ಕೈಯಲ್ಲಿ. ಸಂಜೆಯೇ ಕಚೇರಿಗೆ ಕೊಟ್ಟು ಬಂದೆ.

ಮಾರ್ಚ್ 12
ಸೋಯಾ ಸಾಸ್ ಹುದುಗಿಸುವ ಜಾಡಿಗಳಿಗೆ ಮುಚ್ಚಳ ಹಾಕಲು ಅಂಗಳಕ್ಕೆ ಹೋದೆ. ಬಾಗಿಲಿಂದ ಎಡಕ್ಕೆ, ಅಪ್ಪ ಕಾಂಕ್ರೀಟ್ ಹಾಕಿ ಮುಚ್ಚಿಸಿದ ಬಾವಿವರೆಗೆ, ಸುಮ್ಮನೆ ಎಣಿಸಿದೆ. ಹದಿನಾಲ್ಕು.

ಹಿಂದೆ ಒಡೆದ ಬೀಸುಕಲ್ಲು. ಮೇಲೆ ನಾನೇ ಇಟ್ಟ ಹೂಕುಂಡ. ಎದುರಿನ ಬೋರೆ ಮರ ಕಡಿಸಿದ್ದು ಮಗಳು ಹುಟ್ಟಿದ ವರ್ಷ... ಅಮ್ಮ ಹೇಳಿದ್ದು ದಾರೆಗೋಲಲ್ಲ. ಈ ಮನೆ.

ಮೂವತ್ತೆರಡು ವರ್ಷ ಮಕ್ಕಳಿಗೆ ನೈಲ್ ನದಿ ಕಲಿಸಿದೆ. ಅಮ್ಮ ಸರಿಯಿದ್ದಾಗ ಒಂದು ದಿನವೂ ಅವಳ ತವರಿನ ದಾರಿ ಕೇಳಲಿಲ್ಲ. ನಾಚಿಕೆಯಾಗುತ್ತಿದೆ.

ಮಾರ್ಚ್ 13
ಜಲಾಶಯಕ್ಕೆ ಕರೆದೊಯ್ದೆ. ನೀರಿನ ಅಂಚಿನಲ್ಲಿ ನಿಲ್ಲಿಸಿ ಕೇಳಿದೆ, "ಅಮ್ಮಾ, ಯಾವ ಕಡೆ ಇತ್ತು?"

"ಚಳಿ. ಮನೆಗೆ ನಡಿ."

ಮೀನು ಸಾರಿನ ಹೋಟೆಲಿನ ಮಿನ್ ಅಜ್ಜಿ ಬಾಗಿಲಲ್ಲಿ ನಿಂತು ಕೂಗಿದಳು. "ದಾರೆಗೋಲಮ್ಮಾ! ಏನ್ ಇಷ್ಟು ದೂರ ಬಂದ್ಬಿಟ್ರಿ?"

ಅಮ್ಮ ತಿರುಗಲಿಲ್ಲ. ಅಜ್ಜಿ ಮತ್ತೆ ಕೂಗಿದಳು, ಇನ್ನೂ ಜೋರಾಗಿ.

ಅಮ್ಮ ನನ್ನ ತೋಳು ಹಿಡಿದು ಮೆಲ್ಲಗೆ ಅಂದಳು, "ಯಾರನ್ನೋ ಕರೀತಿದಾರೆ. ಆಯಮ್ಮಂಗೆ ಕಿವಿ ಕೇಳಲ್ವೇನೋ, ಪಾಪ."

ಮಾರ್ಚ್ 14, ಸಂಜೆ 4.40
ಸುಯೊನ್ ಫೋನ್ ಮಾಡಿದ್ದಳು. "ಮೇಷ್ಟ್ರೇ, ದಾರೆಗೋಲಿನ ನಕ್ಷೆ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ. ಐದಕ್ಕೆ ಕಳಿಸ್ತೀನಿ. ಹಾಗೇ ಹೋಗ್ಲಾ?" ಹತ್ತು ನಿಮಿಷ ಕೊಡು ಅಂದೆ.

ಸುಳ್ಳು ನಕ್ಷೆ. ಇಲ್ಲವೇ ಬರೀ ನೀರು.

ಅಮ್ಮ ಅಂಗಳದಲ್ಲಿದ್ದಾಳೆ. ಹೂಕುಂಡ ಪಕ್ಕಕ್ಕೆ ಸರಿಸಿ ಬೀಸುಕಲ್ಲು ಒರೆಸುತ್ತಿದ್ದಾಳೆ. ಅಮ್ಮಾ ಅಂದೆ, ನೋಡಲಿಲ್ಲ. ದಾರೆಗೋಲಮ್ಮಾ ಅಂದೆ. ಮಗನ ಬಾಯಲ್ಲಿ ಬರಬಾರದ ಹೆಸರು. ಅದಕ್ಕೂ ನೋಡಲಿಲ್ಲ.

ಫೋನ್ ಹೊಡೆದುಕೊಳ್ಳುತ್ತಿದೆ. ಏನಂತ ಹೇಳ...